ಮಿಲಿಷಿಯಾ ಸಿಪಾಯಿಯ ತಂದೆ ಯಾರು?

ತಮ್ಮ ಮನೆತನದ ಹಿಂದಿನವರನ್ನು ಹುಡುಕಿ ತೆಗೆಯುವ ಹವ್ಯಾಸ ಇಂಗ್ಲೆಂಡಿನಲ್ಲಿ ಬಹು ಜನಕ್ಕೆ ಉಂಟು. ಅಂಚೆಚೀಟಿ ಕೂಡಿಸುವವರ ಹಾಗೆ ಇವರು ಹೆಸರುಗಳನ್ನು ಕೂಡಿಸುತ್ತಾರೆ. ತಾತ, ಮುತ್ತಾತ, ಅವನ ತಂದೆ ಎಂದು ಮೆಟ್ಟಿಲು ಮೆಟ್ಟಿಲಾಗಿ ಇಳಿದುಹೋಗಿ, ಎಷ್ಟೋ ಮಂದಿ ಒಂದೆಡೆ ನಿಂತುಬಿಡುತ್ತಾರೆ. ಅಲ್ಲಿ ಸಿಕ್ಕುವವನು ಯಾವುದೋ ಕೌಂಟಿಯ ಮಿಲಿಷಿಯಾ ದಳದ ಸಾಮಾನ್ಯ ಸಿಪಾಯಿ. ಅವನ ಹೆಸರು ಗೊತ್ತು, ದಳ ಗೊತ್ತು, ಒಮ್ಮೊಮ್ಮೆ ಅವನ ಎತ್ತರವೂ ಕಣ್ಣಿನ ಬಣ್ಣವೂ ಗೊತ್ತು. ತಂದೆ ಯಾರೆಂಬುದು ಮಾತ್ರ ಗೊತ್ತಾಗದು. ಇಲ್ಲವೇ ಇಬ್ಬರು ತಂದೆಯರು ಸಿಕ್ಕುತ್ತಾರೆ; ಅದು ಇನ್ನೂ ದೊಡ್ಡ ತೊಡಕು.

ಈ ತೊಡಕನ್ನು ಬಿಡಿಸಲು ಹೊರಡುವವರು ಪ್ರತಿಯೊಂದು ಹಳೆಯ ಕಾಗದವನ್ನೂ ಒಂದು ಮಾತು ಕೇಳಬೇಕು: ನಿನ್ನನ್ನು ಬರೆದವರು ಯಾರು, ಬರೆದಾಗ ಖರ್ಚು ಯಾರ ತಲೆಯ ಮೇಲೆ ಬೀಳುವುದರಲ್ಲಿತ್ತು? ಆ ಕಾಲದ ಇಂಗ್ಲೆಂಡಿನಲ್ಲಿ ಬಡವನ ಹೆಸರು ಪುಸ್ತಕಕ್ಕೆ ಏರಿದ್ದು ಹೆಚ್ಚಾಗಿ ಹಣದ ಕಾರಣದಿಂದಲೇ.

ಮೊದಲು ಮಿಲಿಷಿಯಾದ ಸಂಗತಿ. ಖಾಯಂ ಸೇನೆಯಿಂದ ಬೇರೆಯಾದ, ಸ್ವದೇಶದ ರಕ್ಷಣೆಗೆಂದು ಕೌಂಟಿಗೊಂದರಂತೆ ಇಟ್ಟ ನಾಡಪಡೆ ಇದು. ಫ್ರಾನ್ಸಿನೊಡನೆ ಯುದ್ಧ ನಡೆಯುತ್ತಿದ್ದಾಗ, 1757ರ ಶಾಸನ ಅದನ್ನು ಹೊಸದಾಗಿ ಕಟ್ಟಿತು. ಊರೂರಿನ ಕಾನ್‌ಸ್ಟೇಬಲನು 18ರಿಂದ 50 ವರ್ಷದ ಗಂಡಸರ ಪಟ್ಟಿಯನ್ನು ಬರೆದು ಚರ್ಚಿನ ಬಾಗಿಲಿಗೆ ಹಚ್ಚುತ್ತಿದ್ದ. 1762ರಿಂದ ಮೇಲಿನ ವಯಸ್ಸು 45ಕ್ಕೆ ಇಳಿಯಿತು. ಆಮೇಲೆ ಚೀಟಿ ಎತ್ತುವುದು. ಚೀಟಿ ಬಂದವನು ತಾನೇ ಹೋಗಬೇಕು, ಅಥವಾ ಹಣ ಕೊಟ್ಟು ಬದಲಿ ಆಳನ್ನು ಕಳುಹಿಸಬೇಕು, ಅದೂ ಆಗದಿದ್ದರೆ ಹತ್ತು ಪೌಂಡು ದಂಡ ತೆರಬೇಕು. ಬಡವನಿಗೆ ಮದುವೆಯಲ್ಲಿ ಹುಟ್ಟಿದ ಮಕ್ಕಳು ಹಲವರಿದ್ದರೆ ವಿನಾಯಿತಿ ಉಂಟು. ಸರಕಾರದ ಕರುಣೆ ಎನ್ನಬೇಡಿ. ಅವನು ದಳಕ್ಕೆ ಹೋದರೆ ಮಕ್ಕಳನ್ನು ಸಾಕುವ ಭಾರ ಊರಿನ ಮೇಲೆ ಬೀಳುತ್ತಿತ್ತು.

ಇಂಥ ಪಟ್ಟಿಗಳು ಕೆಲವು ಕಡೆ ಉಳಿದಿವೆ. ನಾರ್ಥ್ಯಾಂಪ್ಟನ್‌ಷೈರಿನ 1777ರ ಪಟ್ಟಿಯೂ ಹರ್ಟ್‌ಫರ್ಡ್‌ಷೈರಿನ ಪಟ್ಟಿಗಳೂ ಪ್ರಸಿದ್ಧ. ಅವುಗಳಲ್ಲಿ ಹೆಸರು, ಕಸುಬು, ಕುಂಟು ಕಿವುಡು ಇದ್ದರೆ ಅದರ ಮಾತು, ಇಷ್ಟೇ ಇರುವುದು. ಆದರೂ ಒಂದೇ ಊರಿನ ಪಟ್ಟಿಗಳು ವರ್ಷ ವರ್ಷಕ್ಕೆ ಸಿಕ್ಕಿದರೆ ಅದೃಷ್ಟ. ಹುಡುಗನೊಬ್ಬನ ಹೆಸರು ಮೊದಲಬಾರಿ ಕಾಣಿಸಿಕೊಂಡ ವರ್ಷ ಅವನಿಗೆ 18 ತುಂಬಿರಬೇಕು. ಅಲ್ಲಿಂದ ಹಿಂದಕ್ಕೆ ಎಣಿಸಿ ಹುಟ್ಟಿದ ವರ್ಷವನ್ನು ಅಂದಾಜು ಮಾಡಬಹುದು. 1852ರಿಂದ ಚೀಟಿಯ ಬದಲು ಸ್ವಇಚ್ಛೆಯಿಂದ ಸೇರುವ ಪದ್ಧತಿ ಬಂತು. ಹಾಗೆ ಸೇರಿದವರ ದಾಖಲಾತಿ ಕಾಗದಗಳು ಲಂಡನ್ ಹತ್ತಿರದ ಕ್ಯೂ ಎಂಬಲ್ಲಿ ರಾಷ್ಟ್ರೀಯ ದಫ್ತರಖಾನೆಯಲ್ಲಿವೆ. ಹುಟ್ಟೂರು, ವಯಸ್ಸು, ಕಸುಬು, ಚಹರೆ ಎಲ್ಲ ಅಲ್ಲಿ ಸಿಕ್ಕುತ್ತದೆ. ಆದರೆ ಹೇಳಿದವನು ಸಿಪಾಯಿ, ಬರೆದುಕೊಂಡವನಿಗೆ ಬೇಕಾಗಿದ್ದುದು ಆಳು. ವಯಸ್ಸನ್ನು ಹೆಚ್ಚಿಸಿ ಹೇಳಿದವರೂ ಉಂಟು, ಹೆಸರನ್ನೇ ಬದಲಾಯಿಸಿದವರೂ ಉಂಟು.

ದಳದ ಹೆಸರನ್ನು ನೋಡಿ ಊರನ್ನು ತೀರ್ಮಾನಿಸುವುದೂ ಅಪಾಯವೇ. ಬದಲಿ ಆಳು ನೆರೆಯ ಕೌಂಟಿಯವನಾಗಿರಬಹುದು. ಫ್ರಾನ್ಸಿನೊಡನೆ 1793ರಿಂದ 1815ರವರೆಗೆ ಎಳೆದ ಯುದ್ಧಗಳಲ್ಲಿ ಮಿಲಿಷಿಯಾ ದಳಗಳನ್ನು ತವರಿನಿಂದ ದೂರ ಕರಾವಳಿಯಲ್ಲಿ ಇರಿಸುತ್ತಿದ್ದರು. ಜೇನ್ ಆಸ್ಟೆನ್ 1813ರಲ್ಲಿ ಪ್ರಕಟಿಸಿದ ‘ಪ್ರೈಡ್ ಅಂಡ್ ಪ್ರೆಜುಡಿಸ್’ ಓದಿದವರಿಗೆ, ದಳವೊಂದು ಪೇಟೆಗೆ ಬಂದಿಳಿದರೆ ಹೆಣ್ಣುಮಕ್ಕಳ ಮನೆಗಳಲ್ಲಿ ಏನಾಗುತ್ತಿತ್ತೆಂದು ಹೇಳಬೇಕಾಗಿಲ್ಲ. ಅದು ಮಿಲಿಷಿಯಾ ದಳವೇ. ದಳ ಮುಂದಿನ ಊರಿಗೆ ಹೋಗುವುದು, ಬಸುರಿಯಾದ ಹುಡುಗಿ ಅಲ್ಲಿಯೇ ಉಳಿಯುವುದು. ಅಂಥವಳ ಮಗನೂ ಬೆಳೆದು ಸಿಪಾಯಿಯಾಗಿರಬಹುದು.

ಅವಳ ಗತಿ ಏನು? ಇಲ್ಲಿಂದ ಮುಂದೆ ಕಥೆ ಪ್ಯಾರಿಷ್‌ನದು. ಪ್ಯಾರಿಷ್ ಎಂದರೆ ಒಂದು ಚರ್ಚಿಗೆ ಸೇರಿದ ಊರು. ಬಡವರನ್ನು ಪೋಷಿಸುವ ಹೊಣೆಯೂ ಅದರದೇ. ಮದುವೆಯಿಲ್ಲದೆ ಮಗು ಹುಟ್ಟಿದರೆ ತೆರಿಗೆ ಕೊಡುವವರ ಕೈಕಚ್ಚುತ್ತಿತ್ತು. ಆದ್ದರಿಂದ ಬಸುರಿಯನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಿ, ತಂದೆ ಯಾರೆಂದು ಪ್ರಮಾಣಮಾಡಿಸಿ ಕೇಳುತ್ತಿದ್ದರು. 1733ರ ಕಾಯಿದೆಯಂತೆ, ಅವಳು ಹೆಸರು ಹೇಳಿದವನನ್ನು ಹಿಡಿದು ತರಬಹುದು. ಊರಿಗೆ ನಷ್ಟವಾಗದಂತೆ ಅವನು ಜಾಮೀನು ಬರೆದುಕೊಡಬೇಕು, ಇಲ್ಲದಿದ್ದರೆ ಸೆರೆಮನೆ. ಆ ಹೇಳಿಕೆಗಳೂ ಮುಚ್ಚಳಿಕೆಗಳೂ ಪ್ಯಾರಿಷ್‌ನ ಪೆಟ್ಟಿಗೆಗಳಲ್ಲಿ ಉಳಿದು, ಈಗ ಕೌಂಟಿ ದಫ್ತರಖಾನೆಗಳನ್ನು ಸೇರಿವೆ. ಚರ್ಚಿನ ದೀಕ್ಷಾಸ್ನಾನದ ಪುಸ್ತಕದಲ್ಲಿ ತಾಯಿಯ ಹೆಸರೊಂದೇ ಇದ್ದಾಗ, ತಂದೆ ಸಿಕ್ಕಬಹುದಾದ ಸ್ಥಳ ಇದೇ.

ಪ್ರಮಾಣಮಾಡಿ ಹೇಳಿದ್ದೆಲ್ಲ ನಿಜವೇ? ಹತ್ತಾರು ಗಂಡಸರ ನಡುವೆ ಒಬ್ಬಳೇ ನಿಂತ ಕೆಲಸದ ಹುಡುಗಿ ತನ್ನ ಯಜಮಾನನ ಹೆಸರನ್ನು ಹೇಳುವ ಧೈರ್ಯ ಮಾಡುತ್ತಿದ್ದಳೇ ಎಂದು ತಾವೇ ಯೋಚಿಸಿ. ಒಮ್ಮೊಮ್ಮೆ ಊರಿನವರೇ ಮದುವೆಯ ಖರ್ಚನ್ನು ವಹಿಸಿ, ಆ ಗಂಡಸನ್ನು ಬಲವಂತದಿಂದ ಚರ್ಚಿಗೆ ನಡೆಸಿದ್ದುಂಟು. ಸೆರೆಮನೆಯ ಭಯದಿಂದ ತಾಳಿ ಕಟ್ಟಿದ ಹಾಗೆ ಎನ್ನೋಣ. ಹೀಗೆ ಮದುವೆಯಾದರೂ ಮೊದಲೇ ಹುಟ್ಟಿದ್ದ ಮಗುವಿಗೆ ಕಾನೂನಿನ ಮಾನ್ಯತೆ ಇರಲಿಲ್ಲ. ತಾಯಿತಂದೆಗಳ ನಂತರದ ಮದುವೆಯಿಂದ ಮಗು ಸಕ್ರಮವಾಗಲು 1926ರ ಕಾಯಿದೆಯೇ ಬರಬೇಕಾಯಿತು.

1844ರ ಕಾಯಿದೆ ತಾಯಿಗೆ ನೇರವಾಗಿ ನ್ಯಾಯಾಲಯಕ್ಕೆ ಹೋಗುವ ಹಕ್ಕು ಕೊಟ್ಟಿತು. ವಾರಕ್ಕೆ ಎರಡೂವರೆ ಷಿಲಿಂಗಿನವರೆಗೆ ಜೀವನಾಂಶ ಸಿಕ್ಕಬಹುದಾಗಿತ್ತು; ಅವಳ ಮಾತಿಗೆ ಬೇರೆ ಸಾಕ್ಷ್ಯದ ಬೆಂಬಲ ಬೇಕಾಗಿತ್ತು. ಇಂಥ ಮೊಕದ್ದಮೆಗಳನ್ನು ಊರ ಪತ್ರಿಕೆಗಳು ಆಸೆಯಿಂದ ಅಚ್ಚುಹಾಕುತ್ತಿದ್ದವು. ಅಂದಿನ ಚಾಡಿ ಇಂದಿನ ಸಂಶೋಧಕನಿಗೆ ನಿಧಿ.

1837ರ ಜುಲೈ 1ರಿಂದ ಸರಕಾರವೇ ಜನನ ಮರಣಗಳನ್ನು ಬರೆದುಕೊಳ್ಳತೊಡಗಿತು. ಆದರೂ 1850ರ ಸುಮಾರಿನಿಂದ, ಮದುವೆಯಿಲ್ಲದೆ ಹುಟ್ಟಿದ ಮಗುವಿನ ತಂದೆಯ ಕಾಲಮ್ಮನ್ನು ಖಾಲಿ ಬಿಡುವ ನಿಯಮವಾಯಿತು. 1875ರಿಂದ, ತಂದೆಯೆನ್ನಿಸಿಕೊಂಡವನು ತಾಯಿಯೊಡನೆ ತಾನೂ ಬಂದು ರುಜು ಹಾಕಿದರೆ ಮಾತ್ರ ಅವನ ಹೆಸರು ಸೇರುತ್ತಿತ್ತು. ಮಗ ದೊಡ್ಡವನಾಗಿ ಮದುವೆಗೆ ನಿಂತಾಗ ಪಾದ್ರಿ ತಂದೆಯ ಹೆಸರನ್ನು ಕೇಳುತ್ತಾನೆ. ಬೀಗರೆಲ್ಲ ಸುತ್ತ ನಿಂತಿದ್ದಾರೆ. ಅಂಥ ಹೊತ್ತಿನಲ್ಲಿ ತಾತನ ಹೆಸರೋ ಮಲತಂದೆಯ ಹೆಸರೋ ಬಾಯಿಗೆ ಬರುವುದು ಸಹಜ. ಇಬ್ಬರು ತಂದೆಯರು ಹುಟ್ಟಿಕೊಳ್ಳುವುದು ಹೆಚ್ಚಾಗಿ ಹೀಗೆ. ಜನಗಣತಿಯಲ್ಲಿಯೂ ಎಚ್ಚರಿಕೆ ಬೇಕು. ಅಜ್ಜಿ ಸಾಕಿದ ಮೊಮ್ಮಗನನ್ನು ಮಗನೆಂದೇ ಬರೆಸಿದ ಮನೆಗಳಿವೆ. ‘ಅಳಿಯ’ ಎಂಬರ್ಥ ಕೊಡುವ ಇಂಗ್ಲಿಷ್ ಮಾತನ್ನು ಆಗ ಹೆಂಡತಿಯ ಮೊದಲಿನ ಮಗನಿಗೂ ಬಳಸುತ್ತಿದ್ದರು. ಹತ್ತು ವರ್ಷದ ‘ಅಳಿಯ’ನನ್ನು ಕಂಡರೆ ನಗಬೇಡಿ, ಗುರುತು ಹಾಕಿಕೊಳ್ಳಿ.

ಹೆಸರಾಂತವರಿಗೂ ಈ ಗೋಜಲು ತಪ್ಪಲಿಲ್ಲ. ಆಫ್ರಿಕದಲ್ಲಿ 1871ರಲ್ಲಿ ಲಿವಿಂಗ್‌ಸ್ಟನ್ನರನ್ನು ಕಂಡುಹಿಡಿದ ಸ್ಟಾನ್ಲಿ, ವೇಲ್ಸಿನ ಡೆನ್ಬಿಯಲ್ಲಿ 1841ರಲ್ಲಿ ಜಾನ್ ರೋಲಂಡ್ಸ್ ಎಂಬ ಹೆಸರಿನಿಂದ, ಮದುವೆಯಿಲ್ಲದೆ ಹುಟ್ಟಿದವನೆಂಬ ಬಿರುಸು ಮಾತಿನ ಸಮೇತ, ಚರ್ಚಿನ ಪುಸ್ತಕಕ್ಕೆ ಸೇರಿದವರು. ತಂದೆ ಅದೇ ಹೆಸರಿನವನೆಂದು ದಾಖಲೆ. ಊರಿನ ವಕೀಲನೊಬ್ಬನೆಂದು ಜೀವನಚರಿತ್ರಕಾರರಲ್ಲಿ ಕೆಲವರ ಊಹೆ.

ಈ ಹುಡುಕಾಟ ಕೆಲವರಿಗೆ ಬೆಂಗಳೂರಿನಿಂದಲೇ ಮೊದಲಾಗುತ್ತದೆ. ಮಿಲಿಷಿಯಾದವರನ್ನು ಬಿಟ್ಟಿಯಾಗಿ ಹೊರದೇಶಕ್ಕೆ ಅಟ್ಟುವಂತಿರಲಿಲ್ಲ. ಆದರೆ 1799ರಿಂದ ಖಾಯಂ ಸೇನೆಗೆ ದಾಟಲು ಅವರಿಗೆ ದಾರಿ ತೆರೆಯಿತು. 1809ರಲ್ಲಿ ನೆಲೆಗೊಂಡ ಬೆಂಗಳೂರು ದಂಡಿನಲ್ಲಿ ಬೀಡುಬಿಟ್ಟ ಬ್ರಿಟಿಷ್ ಸಿಪಾಯಿಗಳ ಮದುವೆ, ಮಕ್ಕಳ ದೀಕ್ಷಾಸ್ನಾನ, ಸಮಾಧಿ ಇವುಗಳ ನಕಲುಗಳು ಮದರಾಸಿನ ಚರ್ಚು ದಾಖಲೆಗಳೊಡನೆ ಲಂಡನ್ನಿಗೆ ಹೋಗಿ, ಈಗ ಬ್ರಿಟಿಷ್ ಲೈಬ್ರರಿಯಲ್ಲಿವೆ.

ಕಾಗದಗಳು ಮುಗಿದ ಮೇಲೆ ಈಗ ರಕ್ತವೇ ಸಾಕ್ಷಿ ಹೇಳುತ್ತದೆ. ವೈ ವರ್ಣತಂತು ತಂದೆಯಿಂದ ಮಗನಿಗೆ ಹೆಚ್ಚುಕಡಮೆ ಹಾಗೆಯೇ ಇಳಿಯುವುದರಿಂದ, ಸಿಪಾಯಿಯ ಗಂಡುಸಂತಾನದವನೊಬ್ಬನೂ ಶಂಕಿತ ಮನೆತನದವನೊಬ್ಬನೂ ಪರೀಕ್ಷೆಗೆ ಒಪ್ಪಿದರೆ ಸಾಕು, ಒಂದೇ ಬೇರೋ ಅಲ್ಲವೋ ತಿಳಿಯುತ್ತದೆ. ಆದರೆ ಆ ಮನೆಯಲ್ಲಿ ನಾಲ್ವರು ಅಣ್ಣತಮ್ಮಂದಿರಿದ್ದರೆ ಅವರಲ್ಲಿ ತಂದೆ ಯಾರೆಂದು ಡಿ.ಎನ್.ಎ. ಪರೀಕ್ಷೆಯೂ ಸುಲಭವಾಗಿ ಹೇಳದು. ಆಗ ಮತ್ತೆ ಹಳೆಯ ಕಾಗದಕ್ಕೇ ತಿರುಗಬೇಕು: ಯಾವನು ಆ ವರ್ಷ ಆ ಊರಿನಲ್ಲಿದ್ದ, ಯಾವನ ಹೆಸರಿನಲ್ಲಿ ಪ್ಯಾರಿಷ್‌ಗೆ ವಾರವಾರದ ಹಣ ಬಂತು, ಮಗುವಿನ ನಡುಹೆಸರು ಯಾರ ಮನೆಹೆಸರು. ಅಷ್ಟಾದ ಮೇಲೂ ಸಂದೇಹ ಉಳಿದರೆ, ಬಲ್ಲವರು ವಂಶವೃಕ್ಷದಲ್ಲಿ ಆ ಎರಡು ಹೆಸರುಗಳ ನಡುವೆ ಚುಕ್ಕೆಗೆರೆಯನ್ನು ಎಳೆದು, ಪಕ್ಕದಲ್ಲಿ ಕಾರಣವನ್ನು ಬರೆದಿಡುತ್ತಾರೆ.