ಸಾಸೇಜ್ ಕವಚ, ಶಂಖ, ದಾರದ ಕೈ

ಎನ್‌ಸಿಇಆರ್‌ಟಿಯ 10ನೇ ತರಗತಿ ವಿಜ್ಞಾನ ಪುಸ್ತಕದಲ್ಲಿ ಕೃತಕ ಮೂತ್ರಪಿಂಡಕ್ಕೆ ಸಿಕ್ಕಿರುವುದು ಒಂದು ಪುಟ್ಟ ಚೌಕಟ್ಟು. ಪರೀಕ್ಷೆಗೆ ಅಷ್ಟು ಸಾಕು. ಆ ಯಂತ್ರ ಹುಟ್ಟಿದ ಕಥೆಯನ್ನೂ ಮೇಷ್ಟ್ರು ಹೇಳಿದರೆ ಹಿಂದಿನ ಬೆಂಚಿನವರೂ ಕಿವಿಗೊಡುತ್ತಾರೆ.

ಎರಡನೇ ಮಹಾಯುದ್ಧದ ಕಾಲ. ನೆದರ್ಲೆಂಡ್ಸ್ ಜರ್ಮನ್ನರ ವಶದಲ್ಲಿತ್ತು. ಸಾಮಾನು ಸಿಗುವುದೇ ಕಷ್ಟ. ಕಾಂಪೆನ್ ಊರಿನ ಆಸ್ಪತ್ರೆಯಲ್ಲಿ ವೈದ್ಯ ವಿಲೆಮ್ ಕೋಲ್ಫ್, ಮಾಂಸದ ಸಾಸೇಜ್ ತುಂಬುವ ಸೆಲ್ಲೋಫೇನ್ ಕೊಳವೆಯನ್ನೇ ಒಂದು ಉರುಳೆಗೆ ಸುತ್ತಿದರು. ಕೊಳವೆಯೊಳಗೆ ರೋಗಿಯ ರಕ್ತ, ಹೊರಗೆ ತೊಟ್ಟಿಯಲ್ಲಿ ಲವಣದ ದ್ರಾವಣ. ಉರುಳೆ ತಿರುಗಿದಂತೆ ಯೂರಿಯಾ ಸೂಕ್ಷ್ಮ ರಂಧ್ರಗಳಿಂದ ಆಚೆ ಜಾರುತ್ತಿತ್ತು. ಗಾತ್ರದಲ್ಲಿ ದೊಡ್ಡವಾದ ರಕ್ತಕಣ, ಪ್ರೋಟೀನುಗಳು ಒಳಗೇ ಉಳಿಯುತ್ತಿದ್ದವು. 1943ರಲ್ಲಿ ಶುರುವಾದ ಪ್ರಯತ್ನ ಕೈಹಿಡಿದದ್ದು 1945ರಲ್ಲಿ. ಪ್ರಜ್ಞೆ ತಪ್ಪಿದ್ದ 67 ವರ್ಷದ ಮಹಿಳೆಯೊಬ್ಬರು ಚೇತರಿಸಿಕೊಂಡರು. ಇಂದಿನ ಡಯಾಲಿಸಿಸ್ ಯಂತ್ರದಲ್ಲೂ ನಡೆಯುವುದು ಮಕ್ಕಳು ಉರುಹೊಡೆಯುವ ಅದೇ ವಿಸರಣೆ.

ಕೃತಕ ಶ್ರವಣದ ಕಥೆಯೂ ಇಷ್ಟೇ ಸ್ವಾರಸ್ಯ. ಆಸ್ಟ್ರೇಲಿಯಾದ ಕಿವಿ ವೈದ್ಯ ಗ್ರೇಮ್ ಕ್ಲಾರ್ಕ್ ಅವರ ತಂದೆಗೆ ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ. ಕೇಳದ ಕಿವಿಗೆ ಶಬ್ದ ಮುಟ್ಟಿಸಲು ಒಳಗಿವಿಯ ಸುರುಳಿಯೊಳಗೆ ಘಾಸಿಯಾಗದಂತೆ ವಿದ್ಯುತ್ ತಂತಿ ತೂರಿಸುವುದು ಹೇಗೆಂಬುದೇ ಮಗನಿಗೆ ತಲೆನೋವಾಗಿತ್ತು. 1977ರಲ್ಲಿ ಕಡಲತೀರದಲ್ಲಿ ಕೂತು ಶಂಖದೊಳಗೆ ಹುಲ್ಲೆಸಳು ತೂರಿಸಿ ನೋಡಿದರು. ತುದಿ ಬಳುಕುವ, ಬುಡ ಗಟ್ಟಿಯಾದ ಎಸಳು ಸಲೀಸಾಗಿ ಒಳಗಿಳಿಯಿತು! ಮರುವರ್ಷವೇ ಮೆಲ್ಬರ್ನ್‌ನಲ್ಲಿ ಅವರ ತಂಡ ರೋಗಿಯೊಬ್ಬರಿಗೆ ಇಂಥ ತಂತಿಯಿರುವ ಶ್ರವಣ ಸಾಧನ, ಕಾಕ್ಲಿಯರ್ ಇಂಪ್ಲಾಂಟ್, ಅಳವಡಿಸಿತು.

ಇದನ್ನೆಲ್ಲ ಕಲಿಸಲು ದುಬಾರಿ ಲ್ಯಾಬ್ ಬೇಕೆನ್ನುವುದು ನೆಪ ಮಾತ್ರ. ಶಂಖ, ಹುಲ್ಲು ಇದ್ದರೆ ಕ್ಲಾರ್ಕ್ ಪ್ರಯೋಗ ತರಗತಿಯಲ್ಲೇ ಆಗುತ್ತದೆ. ರಟ್ಟಿನಲ್ಲಿ ಅಂಗೈ ಕತ್ತರಿಸಿ, ಬೆರಳಿನ ಗೆಣ್ಣುಗಳ ನಡುವೆ ಸ್ಟ್ರಾ ತುಂಡುಗಳನ್ನು ಅಂಟಿಸಿ, ದಾರ ಪೋಣಿಸಿ ಎಳೆದರೆ ಬೆರಳು ಮಡಚುತ್ತದೆ. ನಮ್ಮ ಕೈಯಲ್ಲಿ ಆ ದಾರದ ಕೆಲಸ ಸ್ನಾಯುರಜ್ಜುಗಳದು. ಇ-ನೇಬಲ್ ಎಂಬ ಬಳಗದ ಸ್ವಯಂಸೇವಕರು 3ಡಿ ಪ್ರಿಂಟರಿನಲ್ಲಿ ಮಾಡಿಕೊಡುವ ಹಲವು ಕೃತಕ ಕೈಗಳೂ ಹೀಗೇ: ಮಣಿಕಟ್ಟು ಬಗ್ಗಿಸಿದರೆ ದಾರ ಬಿಗಿದು ಮುಷ್ಟಿ ಕಟ್ಟುತ್ತದೆ. ಮೋಟಾರೂ ಇಲ್ಲ, ಬ್ಯಾಟರಿಯೂ ಇಲ್ಲ.

ಸಿನಿಮಾದ ಯಂತ್ರಮಾನವನನ್ನು ತೋರಿಸಿ ಬೆರಗು ಹುಟ್ಟಿಸುವುದು ಸುಲಭ. ಆದರೆ ಆ ದಾರದ ಕೈಗೆ ಕಾಫಿ ಲೋಟ ಬಿಸಿಯೋ ತಣ್ಣಗೋ ತಿಳಿಯದು ಎಂಬುದೂ ಪಾಠದ ಭಾಗವಾಗಬೇಕು. ಕಾಕ್ಲಿಯರ್ ಇಂಪ್ಲಾಂಟ್ ಕೂಡ ಶಸ್ತ್ರಚಿಕಿತ್ಸೆಯ ಮರುದಿನವೇ ಮಾತು ಕೇಳಿಸುವುದಿಲ್ಲ. ಅದು ಕಳಿಸುವ ಸಂಕೇತಗಳನ್ನು ಮಿದುಳು ಅಭ್ಯಾಸದಿಂದ ಕಲಿಯಬೇಕು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಶ್ರವಣದೋಷವಿರುವ ಪುಟಾಣಿಗಳಿಗೆ ಕೇಳುವ, ಮಾತಾಡುವ ತರಬೇತಿ ನಡೆಯುತ್ತದೆ. ತಾಯಂದಿರೂ ಜೊತೆಗೆ ಕೂತು ಕಲಿಯುತ್ತಾರೆ.