ಕ್ವೇಸಾರ್‌ಗಳ ಪರಿಸರದಲ್ಲಿ ಕ್ಷ-ಕಿರಣಗಳ ಹೀರಿಕೆ

ದೂರದ ಗೆಲಾಕ್ಸಿಗಳ ಕೇಂದ್ರದಲ್ಲಿರುವ ಬೃಹತ್ ಕೃಷ್ಣವಿವರಗಳು ಸುತ್ತಲಿನ ಅನಿಲವನ್ನು ಸೆಳೆದುಕೊಳ್ಳುವಾಗ ಹೊಮ್ಮುವ ಶಕ್ತಿಯೇ ಕ್ವೇಸಾರ್‌ಗಳ ಪ್ರಕಾಶಕ್ಕೆ ಮೂಲ. ಕೃಷ್ಣವಿವರದ ಅತಿ ಸಮೀಪದಲ್ಲಿ ಉದ್ಭವಿಸುವ ಕ್ಷ-ಕಿರಣಗಳು ಅಲ್ಲಿನ ಅನಿಲವನ್ನು ಹಾದು ಹೊರಬರುತ್ತವೆ. ಹಾದಿಯಲ್ಲಿ ಯಾವ ಶಕ್ತಿಯ ಕಿರಣಗಳು ನಷ್ಟವಾದವು ಎಂಬುದರಿಂದ ಆ ಅನಿಲದ ಪ್ರಮಾಣ, ಧಾತುಗಳು ಹಾಗೂ ಚಲನೆಯನ್ನು ತಿಳಿಯಬಹುದು. ಆದರೆ ರೋಹಿತದ ಒಂದೇ ಕೊರತೆಗೆ ಎರಡು ಅರ್ಥಗಳು ಸಾಧ್ಯ.

ಕ್ಷ-ಕಿರಣದ ಫೋಟಾನು ಪರಮಾಣುವಿನ ಒಳಕವಚದ ಎಲೆಕ್ಟ್ರಾನನ್ನು ಹೊರದೂಡಿದರೆ, ನಿರ್ದಿಷ್ಟ ಶಕ್ತಿಯಿಂದ ಮೇಲಕ್ಕೆ ಕೊರತೆ ಹಠಾತ್ತನೆ ಆರಂಭವಾಗುತ್ತದೆ. ಇದು ಹೀರಿಕೆಯ ಅಂಚು. ತಟಸ್ಥ ಆಕ್ಸಿಜನ್ನಿಗೆ ಇದು ಸುಮಾರು 0.54 ಕಿಲೋ ಎಲೆಕ್ಟ್ರಾನ್ ವೋಲ್ಟ್, ಕಬ್ಬಿಣಕ್ಕೆ 7.1. ಪರಮಾಣು ಎಲೆಕ್ಟ್ರಾನುಗಳನ್ನು ಕಳೆದುಕೊಂಡಂತೆ ಅಂಚು ಮೇಲಕ್ಕೆ ಸರಿಯುತ್ತದೆ. ಎಲೆಕ್ಟ್ರಾನು ಪರಮಾಣುವಿನಲ್ಲೇ ಮೇಲಿನ ಮಟ್ಟಕ್ಕೆ ಏರಿದರೆ ಕಿರಿದಾದ ಹೀರಿಕೆಯ ಗೆರೆ ಮೂಡುತ್ತದೆ. ಎರಡೇ ಎಲೆಕ್ಟ್ರಾನುಗಳನ್ನು ಉಳಿಸಿಕೊಂಡ ಕಬ್ಬಿಣದ ಪ್ರಮುಖ ಗೆರೆ 6.7ರಲ್ಲಿದೆ, ಅನಿಲವು ನಮ್ಮತ್ತ ಧಾವಿಸುತ್ತಿದ್ದರೆ ಈ ಗೆರೆ ಹೆಚ್ಚಿನ ಶಕ್ತಿಯತ್ತ ಪಲ್ಲಟಗೊಳ್ಳುತ್ತದೆ.

ಎಪಿಎಂ 08279+5255 ಎಂಬ ಕ್ವೇಸಾರ್ ಇದಕ್ಕೆ ಉತ್ತಮ ನಿದರ್ಶನ. ಇದರ ಕೆಂಪು ಪಲ್ಲಟ 3.91. ಅಂದರೆ, ಅದರ ಬೆಳಕು ಹೊರಟಾಗ ವಿಶ್ವದ ವಯಸ್ಸು ಸುಮಾರು 160 ಕೋಟಿ ವರ್ಷ. 1999ರಲ್ಲಿ ಉಡಾವಣೆಗೊಂಡ ಎರಡು ಕ್ಷ-ಕಿರಣ ದೂರದರ್ಶಕಗಳು ಇದನ್ನು ವೀಕ್ಷಿಸಿದವು. 2002ರಲ್ಲಿ ಎರಡು ಭಿನ್ನ ವ್ಯಾಖ್ಯಾನಗಳು ಪ್ರಕಟವಾದವು. ಎಕ್ಸ್‌ಎಂಎಂ-ನ್ಯೂಟನ್‌ನ ದತ್ತಾಂಶದಲ್ಲಿ ಖಗೋಳಜ್ಞರು ಅಯಾನೀಕೃತ ಕಬ್ಬಿಣದ ಅಂಚನ್ನು ಕಂಡರು. ಹಾಗಿದ್ದಲ್ಲಿ ಅಲ್ಲಿ ಆಕ್ಸಿಜನ್ನಿಗೆ ಹೋಲಿಸಿದರೆ ಕಬ್ಬಿಣ ಸೂರ್ಯನಲ್ಲಿರುವುದಕ್ಕಿಂತ ಹೇರಳ. ಅಷ್ಟು ಕಬ್ಬಿಣವನ್ನು ನಕ್ಷತ್ರಗಳು ರೂಪಿಸಲು ತಕ್ಕ ಕಾಲಾವಕಾಶವಿತ್ತೇ ಎಂಬ ಪ್ರಶ್ನೆ ಏಳುತ್ತದೆ. ಚಂದ್ರ ದೂರದರ್ಶಕದ ದತ್ತಾಂಶವನ್ನು ಪರಿಶೀಲಿಸಿದವರು ಕ್ವೇಸಾರ್‌ನ ಚೌಕಟ್ಟಿನಲ್ಲಿ 8.1 ಹಾಗೂ 9.8ರ ಬಳಿ ಎರಡು ಗೆರೆಗಳನ್ನು ಗುರುತಿಸಿದರು. ಭೂಮಿಯಲ್ಲಿ ಇವು ಸುಮಾರು 1.65 ಮತ್ತು 2.0ರಲ್ಲಿ ಕಾಣುತ್ತವೆ. ಇವು ಪಲ್ಲಟಗೊಂಡ ಕಬ್ಬಿಣದ ಗೆರೆಗಳಾದರೆ, ಅನಿಲದ ವೇಗ ಬೆಳಕಿನ ವೇಗದ ಸರಿಸುಮಾರು ಶೇ. 20 ಮತ್ತು ಶೇ. 40. ಒಂದು ವ್ಯಾಖ್ಯಾನ ಧಾತುಗಳ ಇತಿಹಾಸವನ್ನು ಹೇಳಿದರೆ, ಇನ್ನೊಂದು ಅನಿಲದ ಚಲನೆಯನ್ನು ಹೇಳುತ್ತದೆ.

ಮುಂದಿನ ವೀಕ್ಷಣೆಗಳಲ್ಲಿ ಈ ಹೀರಿಕೆ ಕಾಲದೊಡನೆ ಬದಲಾಗುವುದು ಕಂಡುಬಂದು, ಹೊರಹರಿವಿನ ವಾದಕ್ಕೆ ಬಲ ದೊರೆಯಿತು. 2023ರಲ್ಲಿ ಉಡಾವಣೆಗೊಂಡ ಎಕ್ಸ್‌ರಿಸಂ ಉಪಗ್ರಹವು ಹೆಚ್ಚು ಸಮೀಪದ ಪಿಡಿಎಸ್ 456 ಕ್ವೇಸಾರ್‌ನಲ್ಲಿ ಇಂಥ ಅನಿಲವನ್ನು ಬಿಡಿಬಿಡಿಯಾಗಿ ಗುರುತಿಸಿತು. 2025ರಲ್ಲಿ ಪ್ರಕಟವಾದ ಫಲಿತಾಂಶದಂತೆ ಅಲ್ಲಿ ಬೆಳಕಿನ ವೇಗದ ಶೇ. 20ರಿಂದ 30ರ ವೇಗದಲ್ಲಿ ಹೊಮ್ಮುವ ಐದು ಪ್ರತ್ಯೇಕ ಪ್ರವಾಹಗಳಿವೆ. ಇಂತಹ ಮಾರುತಗಳು ಗೆಲಾಕ್ಸಿಯ ಅನಿಲವನ್ನು ಹೊರದೂಡಿ ನಕ್ಷತ್ರಗಳ ಹುಟ್ಟನ್ನೇ ತಡೆಯಬಲ್ಲವೇ ಎಂಬುದು ಅವು ಒಯ್ಯುವ ಶಕ್ತಿಯನ್ನು ಅವಲಂಬಿಸಿದೆ. ಆ ಶಕ್ತಿಯ ಲೆಕ್ಕಾಚಾರಕ್ಕೆ ಕ್ಷ-ಕಿರಣಗಳ ಹೀರಿಕೆಯೇ ಮುಖ್ಯ ಆಧಾರವಾಗಿದೆ.