ಗಂಗಾಪುರದ ಚಿತ್ರ ಯಾರದು?

ಕನ್ನಡ ವಿಕಿಪೀಡಿಯಕ್ಕೆ ಬರೆಯಬೇಕೆಂದಿರುವ ಗೆಳೆಯರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಈ ವಿಷಯದಲ್ಲಿ ನನಗೆ ಪಾಂಡಿತ್ಯವೇನೂ ಇಲ್ಲ. ತಪ್ಪು ಮಾಡಿ ಸಿಕ್ಕಿಬಿದ್ದವನು, ಅಷ್ಟೇ.

ಗಂಗಾಪುರ ಅಂದರೆ ನಮ್ಮ ಕಡೆಯವರಿಗೆ ಮೊದಲು ನೆನಪಾಗೋದು ಭೀಮಾ ತೀರದ ಗಾಣಗಾಪುರ. ನಾನು ಬರೆಯಹೊರಟದ್ದು ಅದರ ಮೇಲಲ್ಲ, ಮಹಾರಾಷ್ಟ್ರದ ಗಂಗಾಪುರದ ಮೇಲೆ. ಅಲ್ಲಿಯೂ ಆ ಹೆಸರು ಎರಡು ಕಡೆ ಇದೆ. ಛತ್ರಪತಿ ಸಂಭಾಜಿನಗರ, ಅಂದರೆ ಹಿಂದಿನ ಔರಂಗಾಬಾದ್ ಜಿಲ್ಲೆಯಲ್ಲಿ ಒಂದು ತಾಲ್ಲೂಕು. ನಾಸಿಕದ ಹತ್ತಿರ ಇನ್ನೊಂದು, ಗೋದಾವರಿಗೆ ಕಟ್ಟಿದ ಮಣ್ಣಿನ ಅಣೆಕಟ್ಟು ಇರುವಂಥದು. ಲೇಖನ ಹೇಗೋ ಆಯಿತು. ಚಿತ್ರ ಬೇಕಲ್ಲ? ಹುಡುಕಿದೆ. ಸಂಜೆ ಬಿಸಿಲು, ತುಂಬಿದ ನೀರು, ಹಿಂದೆ ಗುಡ್ಡ, ಬಹಳ ಚೆಂದದ ಒಂದು ಚಿತ್ರ ಸಿಕ್ಕಿತು. ಯಾರ ಹೆಸರೂ ಅದರ ಮೇಲಿರಲಿಲ್ಲ. ಇಳಿಸಿಕೊಂಡೆ, ಚಿತ್ರಗಳ ಭಂಡಾರವಾದ ವಿಕಿಮೀಡಿಯ ಕಾಮನ್ಸಿಗೆ ಏರಿಸಿದೆ, ‘ಇದು ನನ್ನ ಸ್ವಂತ ಕೃತಿ’ ಎಂಬಲ್ಲಿ ಗುರುತು ಹಾಕಿದೆ. ಕೆಲವು ದಿನಕ್ಕೆ ಚಿತ್ರ ಮಾಯ! ನನ್ನ ಚರ್ಚಾಪುಟದಲ್ಲಿ ಒಂದು ನೋಟೀಸು.

ಮೊದಲು ಸಿಟ್ಟು ಬಂತು. ಪುಕ್ಕಟೆ ಕೆಲಸ ಮಾಡೋರಿಗೆ ಈ ಕಾಟ ಯಾಕೆ ಅಂತ. ಆಮೇಲೆ ಯೋಚಿಸಿದೆ: ನನ್ನ ಕವನವನ್ನು ಇನ್ನೊಬ್ಬ ತನ್ನದೆಂದು ಅಚ್ಚು ಹಾಕಿಸಿದ್ದರೆ ನಾನು ಸುಮ್ಮನಿರುತ್ತಿದ್ದೆನೆ?

ಹೆಸರಿಲ್ಲದ ಚಿತ್ರಕ್ಕೆ ಒಡೆಯನಿಲ್ಲ ಅನ್ನೋದು ದೊಡ್ಡ ತಪ್ಪು ತಿಳುವಳಿಕೆ. ಕ್ಲಿಕ್ಕಿಸಿದ ಕ್ಷಣದಿಂದಲೇ ಕೃತಿಸ್ವಾಮ್ಯ ಹುಟ್ಟುತ್ತದೆ. ನೋಂದಣಿ ಬೇಕಿಲ್ಲ, ಮುದ್ರೆ ಬೇಕಿಲ್ಲ. ನಮ್ಮ 1957ರ ಕಾಯಿದೆಯಲ್ಲಿ ಫೋಟೋಕ್ಕೆ ಪ್ರಕಟಣೆಯಿಂದ ಲೆಕ್ಕಹಾಕುವ ಅವಧಿ ಇತ್ತು. 2012ರ ತಿದ್ದುಪಡಿ ಬಂದ ಮೇಲೆ ಕಥೆ ಕಾದಂಬರಿಯ ಹಾಗೆಯೇ ತೆಗೆದವರ ಜೀವಿತಕಾಲ ಮತ್ತು ಅನಂತರ 60 ವರ್ಷ.

ಸಾಹಿತ್ಯದ ವಿದ್ಯಾರ್ಥಿಗಳಾದ ನಾವು ಎಡವೋದು ಇಲ್ಲೇ. ಕುವೆಂಪು ಅವರ ಫೋಟೋದ ಹಕ್ಕು ಕುವೆಂಪು ಅವರದಲ್ಲ. ಸಾಮಾನ್ಯವಾಗಿ ಅದು ಕ್ಯಾಮೆರಾ ಹಿಡಿದವರದು. ಪತ್ರಿಕೆಯ ನೌಕರ ತೆಗೆದಿದ್ದರೆ ಪ್ರಕಟಣೆಯ ಮಟ್ಟಿಗೆ ಪತ್ರಿಕೆಯ ಮಾಲೀಕರದು. ದುಡ್ಡು ಕೊಟ್ಟು ಸ್ಟುಡಿಯೋದಲ್ಲಿ ತೆಗೆಸಿದ್ದಾದರೆ, ಬೇರೆ ಕರಾರು ಇಲ್ಲದಿದ್ದಲ್ಲಿ, ತೆಗೆಸಿದವರದು. ಪುಸ್ತಕದ ರಕ್ಷಾಪುಟದಿಂದ ಸ್ಕ್ಯಾನ್ ಮಾಡಿ ಏರಿಸೋ ಮುಂಚೆ ಇದನ್ನು ಕೇಳಿಕೊಳ್ಳಬೇಕು. ಸರ್ಕಲ್ಲಿನಲ್ಲಿ ಶಾಶ್ವತವಾಗಿ ನಿಲ್ಲಿಸಿದ ಪ್ರತಿಮೆಯ ಚಿತ್ರವನ್ನು ನೀವೇ ತೆಗೆದರೆ ತೊಂದರೆಯಿಲ್ಲ, ಕಾಯಿದೆಯೇ ಬಿಟ್ಟುಕೊಟ್ಟಿದೆ. ಪಕ್ಕದ ಗೋಡೆಯ ಮೇಲಿನ ವರ್ಣಚಿತ್ರಕ್ಕೆ ಆ ರಿಯಾಯಿತಿ ಇಲ್ಲ. ಯಾಕೆ ಈ ಭೇದ ಅಂತ ನನ್ನ ಕೇಳಬೇಡಿ.

ನಾಸಿಕದಲ್ಲಿ ನಮ್ಮ ಸೋದರಮಾವ ಇದ್ದಾರೆ. ಫೋನು ಮಾಡಿ ಅಣೆಕಟ್ಟಿನ ಫೋಟೋ ಕೇಳಿದೆ. ರವಿವಾರ ಹೋಗಿ ನಾಲ್ಕು ತೆಗೆದು ಕಳಿಸಿದರು. ಮುಗಿಯಿತು ಅಂದುಕೊಂಡೆ, ಮುಗಿದಿರಲಿಲ್ಲ. ತೆಗೆದವರು ಮಾಮಾ, ‘ಸ್ವಂತ ಕೃತಿ’ ಅನ್ನಲು ನಾನ್ಯಾರು? ಅವರೇ ಖಾತೆ ತೆರೆದು ಏರಿಸಬೇಕು, ಇಲ್ಲವೆ ಒಪ್ಪಿಗೆಯನ್ನು ಇಂಥ ಪರವಾನಗಿಯಲ್ಲಿ ಎಂದು ಸ್ಪಷ್ಟವಾಗಿ ಬರೆದು ಇಮೇಲಿನಲ್ಲಿ ಕಳಿಸಬೇಕು. ‘ವಿಕಿಪೀಡಿಯಕ್ಕೆ ಮಾತ್ರ ಬಳಸಿಕೊಳ್ಳಿ’ ಅಂದರೆ ಸಾಲದು. ವ್ಯಾಪಾರಕ್ಕೆ ಬಳಸಬಾರದು, ಬದಲಿಸಬಾರದು ಎಂಬ ಷರತ್ತಿನ ಚಿತ್ರವನ್ನೂ ಕಾಮನ್ಸು ತೆಗೆದುಕೊಳ್ಳುವುದಿಲ್ಲ.

ಇದನ್ನು ಹೇಳಿದಾಗ ಮಾಮಾ ತಡೆದರು. “ಅಲ್ಲಪಾ, ನಾಳೆ ಯಾರರ ಇದನ್ನ ಕ್ಯಾಲೆಂಡರಿಗೆ ಹಾಕಿ ಮಾರಿದ್ರ, ನಂಗೇನ ಬರ್ತದ?”

“ಏನೂ ಬರಂಗಿಲ್ಲ ಮಾಮಾ. ನಿಮ್ಮ ಹೆಸರು ಹಾಕಬೇಕು. ಚಿತ್ರ ಬದಲು ಮಾಡಿದ್ರ ಅದನ್ನೂ ಇದೇ ಪರವಾನಗಿಯೊಳಗ ಬಿಡಬೇಕು. ಅಷ್ಟ.”

“ಆಮ್ಯಾಲೆ ಬ್ಯಾಡಂದ್ರ?”

“ಕೊಟ್ಟ ಪರವಾನಗಿ ವಾಪಸ್ ತಗೊಳ್ಳಾಕ ಬರಂಗಿಲ್ಲ.”

ಅವರ ಹಿಂಜರಿಕೆ ನನಗೆ ತಪ್ಪೆನಿಸಲಿಲ್ಲ. ಹೆಸರು ಹೇಳಿ ಬಳಸು, ಬದಲಿಸಿದ್ದನ್ನು ಇದೇ ರೀತಿ ಹಂಚು ಎನ್ನುವ ಈ ಕ್ರಿಯೇಟಿವ್ ಕಾಮನ್ಸ್ ಪರವಾನಗಿ ದಾನಪತ್ರವಿದ್ದ ಹಾಗೆ. ತಿಳಿದು ಸಹಿ ಹಾಕಬೇಕು. ಕನ್ನಡದಲ್ಲಿ ಹಾಗೆ ತಿಳಿದೇ ಕೊಟ್ಟವರಿದ್ದಾರೆ. ನಿರಂಜನರ ಪುಸ್ತಕಗಳನ್ನು ಅವರ ಮನೆಯವರು 2014ರಲ್ಲಿ ಇಂಥ ಪರವಾನಗಿಯಲ್ಲೇ ಬಿಟ್ಟುಕೊಟ್ಟರು. ಮೈಸೂರು ವಿಶ್ವವಿದ್ಯಾನಿಲಯವೂ ತನ್ನ ಕನ್ನಡ ವಿಶ್ವಕೋಶವನ್ನು ಹಾಗೆ ತೆರೆದಿಟ್ಟಿತು. ಇಷ್ಟು ಹೇಳಿ, ಯೋಚನೆ ಮಾಡಿ ಅಂತ ಫೋನು ಇಟ್ಟೆ.

ಎರಡು ದಿನ ಬಿಟ್ಟು ಮಾಮಾ ತಾವೇ ಏರಿಸಿದರು. ನಾಲ್ಕರಲ್ಲಿ ಮೂರನ್ನು. ನಾಲ್ಕನೆಯದರಲ್ಲಿ ನೀರಿನ ಮುಂದೆ ಮಾಮಿ ಸೆರಗು ಹಿಡಿದುಕೊಂಡು ನಗುತ್ತ ನಿಂತಿದ್ದರು. ನಿಜ ಹೇಳಬೇಕೆಂದರೆ ನಾಲ್ಕರಲ್ಲಿ ಒಳ್ಳೆಯ ಚಿತ್ರ ಅದೇ. “ಅದು ಮನೀದು,” ಅಂದರು ಮಾಮಾ. ನಾನು ಮತ್ತೆ ಕೇಳಲಿಲ್ಲ. ಕಡತದ ಹೆಸರಿನಲ್ಲಿ ‘ನಾಸಿಕ’ ಎಂದು ಸೇರಿಸಲು ಮಾತ್ರ ಹೇಳಿದೆ, ಗಾಣಗಾಪುರದ ಲೇಖನಕ್ಕೆ ಯಾರೂ ಅದನ್ನು ಅಂಟಿಸದಿರಲಿ ಅಂತ.